ನೇಣಿನ ಪರ ಕರ್ತವ್ಯವನ್ನು ಸಾಕ್ಷಿಗೆ ಕರೆಯಬೇಡಿ

ನಮ್ಮ ಕಡೆ ಒಂದು ಘೋರ ಕೊಲೆಯಾದರೆ ಮುಂದೆ ಏನೇನು ನಡೆಯುತ್ತದೆ ಎಂಬುದು ಎಲ್ಲರಿಗೂ ಬಾಯಿಪಾಠ. ಉಮರ್ಗಾ ಚೌರಸ್ತಾದ ಅಂಗಡಿಗಳು ಶಟರ್ ಎಳೆಯುತ್ತವೆ. ನಿಲಂಗಾದಲ್ಲಿ ಮೋರ್ಚಾ ಹೊರಡುತ್ತದೆ. ಉದಗೀರದಲ್ಲಿ ಕಾಲೇಜು ಹುಡುಗಿಯರು ಕಪ್ಪು ಪಟ್ಟಿ ಕಟ್ಟಿಕೊಂಡು ಮೌನವಾಗಿ ನಡೆಯುತ್ತಾರೆ. ಕಡೆಗೆ ತಹಸೀಲ್ದಾರರ ಕೈಗೆ ಒಂದು ನಿವೇದನ. 2024ರ ಡಿಸೆಂಬರ್ 9ರಂದು ಬೀಡ ಜಿಲ್ಲೆಯ ಮಸ್ಸಾಜೋಗದ ಸರಪಂಚ ಸಂತೋಷ ದೇಶಮುಖರನ್ನು ಅಪಹರಿಸಿ ಕೊಂದಾಗ ಮರಾಠವಾಡಾದಲ್ಲಿ ಊರೂರೂ ಹೀಗೇ ಬೀದಿಗಿಳಿಯಿತು. ಆರೋಪಿಗಳಿಗೆ ಫಾಶಿ, ಅಂದರೆ ಗಲ್ಲು, ಆಗಲಿ ಎಂಬುದೇ ಎಲ್ಲ ಕಡೆಯ ಕೂಗು.

ಮನೆಯಲ್ಲಿ ಕನ್ನಡ, ಕೋರ್ಟಿನಲ್ಲಿ ಮರಾಠಿ, ಕಾಯ್ದೆಯ ಪುಸ್ತಕದಲ್ಲಿ ಇಂಗ್ಲಿಷ್ ಓದಿ ಬದುಕುವ ಗಡಿಭಾಗದ ವಕೀಲ ನಾನು. ಕೊಲೆ ಕೇಸುಗಳಲ್ಲಿ ಆರೋಪಿಯ ಪರವೂ ನಿಂತಿದ್ದೇನೆ, ಸತ್ತವರ ಮನೆಯವರ ಪರವಾಗಿ ಸರಕಾರಿ ವಕೀಲರ ಪಕ್ಕದಲ್ಲಿ ಕೂತೂ ಇದ್ದೇನೆ. ಕಾಯ್ದೆ ಬಲ್ಲವನೆಂದು ಇಂಥ ನಿವೇದನಗಳ ಕರಡು ತಿದ್ದಿಕೊಡಲು ಜನ ನನ್ನ ಬಳಿ ತರುತ್ತಾರೆ. ಯಾವ ಪಕ್ಷದವರು ಬರೆದರೂ, ಯಾವ ಜಾತಿ ಸಂಘಟನೆಯವರು ಬರೆದರೂ ಅದರಲ್ಲಿ ಮೂರು ಮಾತು ಇದ್ದೇ ಇರುತ್ತವೆ. ಮೊದಲನೆಯದು, ಇವನು ಮಾಡಿದ ಕೃತ್ಯಕ್ಕೆ ಫಾಶಿಯೇ ತಕ್ಕದ್ದು, ಅದನ್ನು ಕೊಡುವುದು ಸರಕಾರದ ಕರ್ತವ್ಯ. ಎರಡನೆಯದು, ಇದನ್ನು ನೋಡಿ ಉಳಿದವರಿಗೆ ಧಾಕು, ಅಂದರೆ ಹೆದರಿಕೆ, ಕೂರಬೇಕು. ಮೂರನೆಯದು, ಜನರ ಭಾವನೆ ಕೆರಳಿದೆ, ಬೇಗ ಕ್ರಮ ಆಗದಿದ್ದರೆ ಉಗ್ರ ಆಂದೋಲನ.

ಮರಣದಂಡನೆ ಬೇಡ ಎನ್ನುವವರು ಸಾಮಾನ್ಯವಾಗಿ ಎರಡನೆಯ ಮಾತನ್ನು ಹಿಡಿದು ವಾದಿಸುತ್ತಾರೆ. ಗಲ್ಲಿನಿಂದ ಕೊಲೆ ಕಡಿಮೆಯಾಗುತ್ತದೆ ಎಂಬುದಕ್ಕೆ ಪುರಾವೆ ಎಲ್ಲಿ ಎಂದು ಕೇಳುತ್ತಾರೆ. ಪ್ರಶ್ನೆ ಸರಿಯೇ. ಆದರೆ ಚಹಾದಂಗಡಿಯಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಜನ ಹೇಳುವುದು ಮೊದಲನೆಯ ಮಾತು: ಕೊಲೆ ಕಡಿಮೆಯಾಗಲಿ, ಬಿಡಲಿ, ಮಾಡಿದ್ದನ್ನು ಉಣ್ಣಬೇಕು. ಈ ಮಾತನ್ನು ಹಳ್ಳಿಯವರ ಸೇಡು ಎಂದು ಮೂಗು ಮುರಿಯುವುದು ಸುಲಭ. ನಾನು ಮುರಿಯುವುದಿಲ್ಲ. ಕರ್ತವ್ಯದ ಬಗ್ಗೆ ಆಧುನಿಕ ಯುರೋಪಿನಲ್ಲಿ ಅತ್ಯಂತ ನಿಷ್ಠುರವಾಗಿ ಯೋಚಿಸಿದವನೂ ಇದನ್ನೇ ಹೇಳಿದ್ದಾನೆ.

ಅವನು ಇಮ್ಯಾನುಯೆಲ್ ಕಾಂಟ್. 1764ರಲ್ಲಿ ಇಟಲಿಯ ಬೆಕಾರಿಯಾ ಮರಣದಂಡನೆಯ ವಿರುದ್ಧ ಪುಸ್ತಕ ಬರೆದು ಯುರೋಪಿನಲ್ಲಿ ದೊಡ್ಡ ಚರ್ಚೆ ಎಬ್ಬಿಸಿದ್ದ. ಕೋನಿಗ್ಸ್‌ಬರ್ಗ್‌ನ ಈ ಪ್ರೊಫೆಸರನಿಗೆ ಅದು ಅತಿ ಮೆದು ಮನಸ್ಸಿನ ವಾದ ಅನ್ನಿಸಿತು. 1797ರ ತನ್ನ ಗ್ರಂಥದಲ್ಲಿ ಕಾಂಟ್ ಒಂದು ದ್ವೀಪವನ್ನು ಕಲ್ಪಿಸುತ್ತಾನೆ. ಅಲ್ಲಿನ ಜನರೆಲ್ಲ ಒಪ್ಪಿ ತಮ್ಮ ಸಮಾಜವನ್ನೇ ವಿಸರ್ಜಿಸಿ, ದೇಶಕ್ಕೊಬ್ಬರಂತೆ ಚದುರಿಹೋಗಲು ನಿರ್ಧರಿಸುತ್ತಾರೆ. ನಾಳೆಯಿಂದ ಆ ದ್ವೀಪದಲ್ಲಿ ಕಾಯ್ದೆ ಇಲ್ಲ, ಹೆದರಿಸಬೇಕಾದ ಜನರೂ ಇಲ್ಲ. ಹಾಗಿದ್ದರೂ ಹೊರಡುವ ಮುನ್ನ ಸೆರೆಮನೆಯಲ್ಲಿರುವ ಕಟ್ಟಕಡೆಯ ಕೊಲೆಗಾರನನ್ನು ಅವರು ಕೊಲ್ಲಲೇಬೇಕು, ಇಲ್ಲದಿದ್ದರೆ ಆ ರಕ್ತದ ಪಾಲು ಅವರಿಗೂ ಅಂಟುತ್ತದೆ ಎನ್ನುತ್ತಾನೆ ಕಾಂಟ್.

ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅದರ ಬುಡದಲ್ಲಿರುವುದು ಮನುಷ್ಯನ ಬಗೆಗಿನ ಗೌರವ. ಕೊಲೆಗಾರನೂ ವಿವೇಕ ಉಳ್ಳ ಮನುಷ್ಯ, ತಿಳಿದು ಮಾಡಿದ್ದಾನೆ, ಮಾಡಿದ್ದಕ್ಕೆ ಅವನನ್ನೇ ಹೊಣೆ ಮಾಡುವುದು ಅವನನ್ನು ಮನುಷ್ಯನೆಂದು ಎಣಿಸಿದಂತೆ. ಅವನನ್ನು ಬೇರೆಯವರಿಗೆ ಹೆದರಿಕೆ ಹುಟ್ಟಿಸುವ ಬೆದರುಗೊಂಬೆ ಮಾಡಿದರೆ ಅವನೊಂದು ಸಾಧನವಾಗಿಬಿಡುತ್ತಾನೆ. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಬೇಡ ಎಂಬುದು ಕಾಂಟನ ನೀತಿಯ ನಡುಗಂಬ. ಅಂದಮೇಲೆ ನಮ್ಮ ನಿವೇದನ ಅವನ ಕೈಗೆ ಸಿಕ್ಕಿದ್ದರೆ ಮೊದಲನೆಯ ಮಾತಿಗೆ ಸಹಿ ಹಾಕಿ, ಉಳಿದ ಎರಡನ್ನೂ ಕಾಟು ಹೊಡೆಯುತ್ತಿದ್ದ. ಧಾಕು ಕೂರಿಸುವುದಕ್ಕಾಗಿ ಒಬ್ಬನನ್ನು ಕೊಲ್ಲುವ ಹಾಗಿಲ್ಲ, ಮೋರ್ಚಾ ದೊಡ್ಡದಿತ್ತೆಂದೂ ಕೊಲ್ಲುವ ಹಾಗಿಲ್ಲ. ಕರ್ತವ್ಯದ ಹೆಸರು ಹೇಳುವವರು ಇಲ್ಲಿಂದಲೇ ಲೆಕ್ಕ ಒಪ್ಪಿಸಲು ಶುರುಮಾಡಬೇಕು.

ನಾನು ವಾದಿಸುವುದಿಷ್ಟೇ. ಶಿಕ್ಷೆ ಕೊಡುವುದು ಕರ್ತವ್ಯ ಎಂದು ಒಪ್ಪೋಣ. ಆದರೆ ಆ ಕರ್ತವ್ಯ ಒಂಟಿಯಾಗಿ ಬರುವುದಿಲ್ಲ. ಶಿಕ್ಷಿಸುವವನ ಮೇಲೂ ಮೂರು ಕರ್ತವ್ಯಗಳನ್ನು ಹೊರಿಸಿಯೇ ಬರುತ್ತದೆ. ಮಾಡಿದವನನ್ನೇ ಶಿಕ್ಷಿಸಬೇಕು. ಎಲ್ಲರಿಗೂ ಒಂದೇ ಅಳತೆ ಇರಬೇಕು. ಶಿಕ್ಷೆಯಲ್ಲೂ ಅವನ ಮನುಷ್ಯತ್ವಕ್ಕೆ ಅಪಮಾನ ಆಗಬಾರದು. ನಮ್ಮ ಸರಕಾರ, ನಮ್ಮ ಪೊಲೀಸು, ನಮ್ಮ ಕೋರ್ಟು ಈ ಮೂರನ್ನೂ ಹೊರುತ್ತಿವೆಯೇ?

ಮೊದಲು ಕೆಳಗಿನ ಕೋರ್ಟಿನಿಂದಲೇ ನೋಡೋಣ. ನಮ್ಮ ಭಾಗದ ಕೊಲೆ ಕೇಸಿನ ಕಾಗದಗಳಲ್ಲಿ ಮರಾಠಿಯಲ್ಲಿ ಟೈಪಾದ ಒಂದು ಪಂಚನಾಮೆ ಇರುತ್ತದೆ. ಆರೋಪಿ ಸ್ವಖುಷಿಯಿಂದ ಕೊಡಲಿ ಬಚ್ಚಿಟ್ಟ ಜಾಗ ತೋರಿಸುತ್ತೇನೆ ಎಂದ, ಇಬ್ಬರು ಪಂಚರ ಸಮಕ್ಷಮ ಜೀಪಿನಲ್ಲಿ ಹೋಗಿ ತೊಗರಿ ಕಟ್ಟಿಗೆಯ ಬಣವೆಯಿಂದ ತೆಗೆದುಕೊಟ್ಟ. ಹೆಸರು, ತಾರೀಖು ಬಿಟ್ಟರೆ ಎಷ್ಟೋ ಪಂಚನಾಮೆಗಳ ಒಕ್ಕಣೆ ಒಂದೇ. ಪಂಚರೂ ಎಷ್ಟೋ ಸಲ ಅದೇ ಮುಖಗಳು. ಠಾಣೆಯ ಎದುರಿನ ಟಪರಿಯಲ್ಲಿ ಚಹಾ ಕುಡಿಯುವವರು. ಪಾಟೀಸವಾಲಿನಲ್ಲಿ ಕೇಳಿದರೆ, ‘ಸಹಿ ಹಾಕು ಅಂದ್ರು, ಹಾಕಿದ್ನಿ’ ಎನ್ನುತ್ತಾರೆ. ಕೊಡಲಿ ರಾಸಾಯನಿಕ ಪರೀಕ್ಷೆಗೆ ಹೋಗಿ ಬರುತ್ತದೆ: ಮನುಷ್ಯರಕ್ತ ಹೌದು, ಗುಂಪು ನಿರ್ಣಯವಾಗಿಲ್ಲ. ಈ ಕೊಡಲಿ, ಈ ಸಹಿ, ಈ ರಿಪೋರ್ಟಿನ ಮೇಲೆ ಒಬ್ಬ ಮನುಷ್ಯನ ಜೀವ ನಿಂತಿರುತ್ತದೆ.

ಲೀಗಲ್ ಏಡ್‌ನಿಂದ ನನಗೆ ಬಂದ ಒಂದು ಕೇಸಿನ ಆರೋಪಿ ಸಾಲಗಡಿ. ವರ್ಷಕ್ಕಿಷ್ಟು ಎಂದು ಮಾತಾಡಿಕೊಂಡು ಸಾಹುಕಾರನ ಹೊಲದಲ್ಲಿ ದುಡಿಯುವವನು. ಗಡಿಯ ಕನ್ನಡ ಬಿಟ್ಟರೆ ಸಂತೆಯಲ್ಲಿ ಕೊಳ್ಳುವಷ್ಟು ಮರಾಠಿ. ಸಾಕ್ಷಿಗಳ ಮಾತೆಲ್ಲ ಅವನ ತಲೆಯ ಮೇಲಿಂದ ಹಾದುಹೋಗಿತ್ತು. ಆರೋಪಿಗೆ ಅರ್ಥವಾಗದ ಭಾಷೆಯ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು ಎಂದು ಆಗ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 279ನೇ ಕಲಮು ಹೇಳುತ್ತಿತ್ತು. ಆದರೆ ಅದನ್ನು ನೆನಪಿಸುವವರು ಬೇಕು. ಕೊನೆಗೆ ಆರೋಪಿಯ ಜವಾಬು ಬರೆದುಕೊಳ್ಳುವ ಹೊತ್ತಿಗೆ ನಾನು ಅರ್ಜಿ ಕೊಟ್ಟೆ, ನ್ಯಾಯಾಧೀಶರು ಒಪ್ಪಿದರು. ಅಲ್ಲಿಯವರೆಗೆ ಎಲ್ಲದಕ್ಕೂ ತಲೆಯಾಡಿಸುತ್ತಿದ್ದವನು ಕನ್ನಡದಲ್ಲಿ ಕೇಳಿದ ಕೂಡಲೇ ಬಾಯಿಬಿಟ್ಟ: ‘ಸಾಹೇಬ್ರ, ಆ ವಾರ ಕರೆಂಟಿನ ಪಾಳಿ ರಾತ್ರಿದಿತ್ತರಿ. ನಾ ಕಬ್ಬಿಗಿ ನೀರು ಬಿಡ್ಲಿಕ್ಕ ಆಚಿ ಹೊಲದಾಗ ಇದ್ನಿ. ಬಾಜೂ ಹೊಲದವ್ರು ನೋಡ್ಯಾರ, ಅವ್ರನ್ನ ಯಾರೂ ಕೇಳೇ ಇಲ್ಲ.’ ಆ ಪಕ್ಕದ ಹೊಲದವರನ್ನು ತನಿಖೆಯಲ್ಲಿ ನಿಜಕ್ಕೂ ಯಾರೂ ಕೇಳಿರಲಿಲ್ಲ. ಅವನು ಬಿಡುಗಡೆಯಾದ, ವರ್ಷಗಟ್ಟಲೆ ಜೈಲಿನಲ್ಲಿ ಕಳೆದ ಮೇಲೆ. ಅವನ ಬಂಧನದ ದಿನವೂ ಚೌಕದಲ್ಲಿ ಫಾಶಿಯ ಘೋಷಣೆ ಕೂಗಿದ್ದರು.

ಒಬ್ಬನನ್ನು ಹೊಣೆ ಮಾಡಬೇಕಾದರೆ ಮೊದಲು ಅವನ ಜವಾಬು ಕೇಳಬೇಕು. ಕಾಂಟನ ಇಡೀ ಕಟ್ಟಡ ನಿಂತಿರುವುದು ಇದರ ಮೇಲೆ. ಜವಾಬೇ ಕೇಳದೆ ಕೊಡುವ ಶಿಕ್ಷೆಗೆ ನ್ಯಾಯವೆಂಬ ಹೆಸರು ಒಪ್ಪುವುದಿಲ್ಲ.

ಇದು ತಾಲೂಕಿನ ಮಾತಾಯಿತು, ಮೇಲೆ ಹೈಕೋರ್ಟು, ಸುಪ್ರೀಂ ಕೋರ್ಟು ಇವೆಯಲ್ಲ ಎನ್ನಬಹುದು. ನಮ್ಮದೇ ಮಹಾರಾಷ್ಟ್ರದ ಅಂಕುಶ ಮಾರುತಿ ಶಿಂದೆ ಪ್ರಕರಣ ನೋಡಿ. 2003ರಲ್ಲಿ ಒಂದು ಬಡ ಕುಟುಂಬದ ಗುಡಿಸಲಿಗೆ ನುಗ್ಗಿ ಐವರನ್ನು ಕೊಂದ, ಅತ್ಯಾಚಾರವೂ ನಡೆದ ಭೀಕರ ಕೃತ್ಯ. ಅಲೆಮಾರಿ ಸಮುದಾಯದ ಆರು ಮಂದಿಯನ್ನು ಹಿಡಿದರು. 2006ರಲ್ಲಿ ಸೆಷನ್ಸ್ ಕೋರ್ಟು ಆರೂ ಜನರಿಗೆ ಗಲ್ಲು ವಿಧಿಸಿತು. 2007ರಲ್ಲಿ ಬಾಂಬೆ ಹೈಕೋರ್ಟು ಮೂವರ ಗಲ್ಲನ್ನು ಎತ್ತಿಹಿಡಿದು, ಉಳಿದ ಮೂವರಿಗೆ ಜನ್ಮಠೇಪು, ಅಂದರೆ ಜೀವಾವಧಿ, ಮಾಡಿತು. 2009ರಲ್ಲಿ ಸುಪ್ರೀಂ ಕೋರ್ಟು ಅಷ್ಟು ಸಾಲದೆಂದು ಆರೂ ಜನರಿಗೆ ಗಲ್ಲೇ ಎಂದಿತು. ಹತ್ತು ವರ್ಷದ ನಂತರ, 2019ರ ಮಾರ್ಚಿನಲ್ಲಿ, ಅದೇ ಸುಪ್ರೀಂ ಕೋರ್ಟು ಆರೂ ಜನರನ್ನು ನಿರ್ದೋಷಿಗಳೆಂದು ಬಿಟ್ಟಿತು. ಬದುಕುಳಿದ ಸಾಕ್ಷಿ ಮೊದಲಿಗೆ ಪೊಲೀಸರ ಫೋಟೋಗಳಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದಳು. ಆ ದಿಕ್ಕಿನಲ್ಲಿ ತನಿಖೆಯೇ ನಡೆದಿರಲಿಲ್ಲ. ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಕೋರ್ಟು ಆದೇಶಿಸಿತು. ಅವರು ಒಳಗಿದ್ದದ್ದು 16 ವರ್ಷ.

2009ರ ನ್ಯಾಯಮೂರ್ತಿಗಳು ತಮ್ಮ ಕರ್ತವ್ಯ ಮಾಡುತ್ತಿದ್ದೇವೆ ಎಂದೇ ನಂಬಿದ್ದರು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. ಅದೃಷ್ಟಕ್ಕೆ ನಮ್ಮ ವ್ಯವಸ್ಥೆ ಆಮೆನಡಿಗೆಯದು. ಆ ನಿಧಾನದಿಂದಲೇ ಆರು ಜೀವ ಉಳಿದವು. ನಿವೇದನದಲ್ಲಿ ಕೇಳಿದಂತೆ ‘ತಕ್ಷಣ’ ಫಾಶಿ ಆಗಿದ್ದರೆ 2019ರ ತೀರ್ಪನ್ನು ಯಾರಿಗೆ ಓದಿ ಹೇಳುವುದಿತ್ತು?

ಪುಣೆಯ ಪ್ರಕರಣ ಇನ್ನೂ ವಿಚಿತ್ರ. 1994ರಲ್ಲಿ ಅಲ್ಲಿ ಒಂದೇ ಕುಟುಂಬದ ಏಳು ಮಂದಿಯ ಕೊಲೆಯಾಯಿತು. ನಾರಾಯಣ ಚೇತನರಾಮ ಚೌಧರಿ ಎಂಬವನಿಗೆ ಕೊಟ್ಟ ಗಲ್ಲನ್ನು 2000ದಲ್ಲಿ ಸುಪ್ರೀಂ ಕೋರ್ಟು ಖಾಯಂ ಮಾಡಿತು. 2023ರ ಮಾರ್ಚಿನಲ್ಲಿ ಅದೇ ಕೋರ್ಟು, ರಾಜಸ್ಥಾನದ ಶಾಲೆಯ ದಾಖಲೆ ನೋಡಿ, ಕೃತ್ಯದ ಹೊತ್ತಿಗೆ ಅವನಿಗೆ ಹನ್ನೆರಡು ವರ್ಷ ಎಂದು ಒಪ್ಪಿ ಬಿಡುಗಡೆ ಮಾಡಿತು. ಬಾಲಾಪರಾಧಿಯನ್ನು ಗಲ್ಲಿಗೇರಿಸಲು ನಮ್ಮ ಕಾಯ್ದೆಯಲ್ಲಿ ಆಸ್ಪದವೇ ಇಲ್ಲ. ಅವನು ನಿರ್ದೋಷಿ ಎಂದು ಯಾರೂ ಹೇಳಿಲ್ಲ. ಆದರೆ ಒಬ್ಬ ಹುಡುಗನ ವಯಸ್ಸನ್ನು ಸರಿಯಾಗಿ ಎಣಿಸಲು ಈ ದೇಶಕ್ಕೆ 28 ವರ್ಷ ಹಿಡಿಯಿತು.

ಇವರೆಲ್ಲ ಉಳಿದವರು. ಉಳಿಯದವರೂ ಇದ್ದಾರೆ. ಮರಣದಂಡನೆ ವಿರಳಾತಿವಿರಳ ಪ್ರಕರಣಕ್ಕೆ ಮಾತ್ರ, ಕೃತ್ಯದ ಜೊತೆ ಅಪರಾಧಿಯ ಹಿನ್ನೆಲೆಯನ್ನೂ ತೂಗಬೇಕು ಎಂದು 1980ರಲ್ಲಿ ಬಚನ್ ಸಿಂಗ್ ತೀರ್ಪಿನಲ್ಲಿ ಸಂವಿಧಾನ ಪೀಠ ಹೇಳಿತ್ತು. ಆದರೆ ರಾಜಸ್ಥಾನದ ರಾವಜಿಯ ಪ್ರಕರಣದಲ್ಲಿ ಕೃತ್ಯವಷ್ಟೇ ಸಾಕು, ಅಪರಾಧಿಯ ವಿಚಾರ ಬೇಡ ಎಂಬಂತೆ ತೀರ್ಪು ಬಂತು. 1996ರ ಮೇ 4ರಂದು ಅವನನ್ನು ಗಲ್ಲಿಗೇರಿಸಿದರು. ಅದೇ ದಾರಿಯಲ್ಲಿ 1997ರ ಏಪ್ರಿಲ್ 7ರಂದು ಸುರ್ಜಾರಾಮನನ್ನು. 2009ರಲ್ಲಿ ಮಹಾರಾಷ್ಟ್ರದ ಸಂತೋಷ ಬರಿಯಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ರಾವಜಿ ತೀರ್ಪೇ ಬಚನ್ ಸಿಂಗ್ ತೀರ್ಪನ್ನು ಅಲಕ್ಷಿಸಿ ಬಂದದ್ದು, ಅದನ್ನು ನೆಚ್ಚಿದ ತೀರ್ಪುಗಳೂ ತಪ್ಪು ಎಂದಿತು. 2012ರಲ್ಲಿ 14 ಜನ ನಿವೃತ್ತ ನ್ಯಾಯಮೂರ್ತಿಗಳು ರಾಷ್ಟ್ರಪತಿಗೆ ಪತ್ರ ಬರೆದು, ಇಂಥ ತಪ್ಪು ತೀರ್ಪಿನಿಂದ ನೇಣಿನ ಸಾಲಿನಲ್ಲಿರುವ 13 ಮಂದಿಯನ್ನು ಉಳಿಸಿ ಎಂದು ಕೇಳಿದರು. ರಾವಜಿ, ಸುರ್ಜಾರಾಮರ ಪರ ಅರ್ಜಿ ಹಾಕಲು ಕಾಲ ಮೀರಿತ್ತು.

ಎರಡನೆಯ ಕರ್ತವ್ಯ: ಒಂದೇ ಅಳತೆ. ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣ ಕನ್ನಡ ಓದುಗರಿಗೆ ಗೊತ್ತಿದ್ದದ್ದೇ. 1991ರಲ್ಲಿ ಹೆಂಡತಿ ಶಕೆರೆ ನಮಾಜಿಯವರನ್ನು ಮನೆಯ ಅಂಗಳದಲ್ಲೇ ಹೂತು, ಮೂರು ವರ್ಷ ಅದೇ ಮನೆಯಲ್ಲಿ ಬಾಳಿದವನು. 2007ರಲ್ಲಿ ಕೇಸು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಮುಂದೆ ಬಂತು. ಒಂದೇ ಸಾಕ್ಷ್ಯ, ಒಂದೇ ವಾದ, ಒಂದೇ ಕಾಯ್ದೆ. ಒಬ್ಬರು ಜೀವಾವಧಿ ಎಂದರು, ಇನ್ನೊಬ್ಬರು ಗಲ್ಲು ಎಂದರು. ಇಬ್ಬರೂ ಮಾಡಿದ್ದು ಕರ್ತವ್ಯವೇ. ಕೊಲ್ಲುವುದು ಸಾರ್ವತ್ರಿಕ ನಿಯಮದ ಆಜ್ಞೆಯಾಗಿದ್ದರೆ ಅದು ಒಂದು ಕುರ್ಚಿಯಿಂದ ಪಕ್ಕದ ಕುರ್ಚಿಗೆ ಹೋಗುವಷ್ಟರಲ್ಲಿ ಬದಲಾಗಬಾರದು.

ಬೀದಿಯ ಅಳತೆಯಂತೂ ಇನ್ನೂ ಹೆಚ್ಚು ಬದಲಾಗುತ್ತದೆ. 2016ರ ಜುಲೈನಲ್ಲಿ ಅಹಮದನಗರ ಜಿಲ್ಲೆಯ ಕೋಪರ್ಡಿಯಲ್ಲಿ ಮರಾಠಾ ಸಮುದಾಯದ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರವೆಸಗಿ ಕೊಂದರು. ಧಾರಾಶಿವ, ಲಾತೂರಿನಲ್ಲೂ ಲಕ್ಷಗಟ್ಟಲೆ ಜನ ಮೂಕ ಮೋರ್ಚಾದಲ್ಲಿ ನಡೆದರು. ನಮ್ಮ ಮೂರೂ ತಾಲೂಕುಗಳಿಂದ ಟೆಂಪೋ ಕಟ್ಟಿಕೊಂಡು ಹೋದವರಿದ್ದರು. ಆ ಸಂಕಟ ನಿಜವಾದದ್ದು. 2017ರ ನವೆಂಬರಿನಲ್ಲಿ ಮೂವರಿಗೂ ಗಲ್ಲು ವಿಧಿಸಲಾಯಿತು. ಕೋಪರ್ಡಿಗೂ ಹತ್ತು ವರ್ಷ ಮೊದಲು, 2006ರ ಸೆಪ್ಟೆಂಬರಿನಲ್ಲಿ, ಭಂಡಾರಾ ಜಿಲ್ಲೆಯ ಖೈರ್ಲಾಂಜಿಯಲ್ಲಿ ದಲಿತ ಕುಟುಂಬವೊಂದರ ತಾಯಿ, ಮಗಳು, ಇಬ್ಬರು ಗಂಡುಮಕ್ಕಳನ್ನು ಊರವರೇ ಸೇರಿ ಕೊಂದಿದ್ದರು. 2008ರಲ್ಲಿ ಆರು ಜನರಿಗಾದ ಗಲ್ಲು 2010ರಲ್ಲಿ ನಾಗಪುರ ಪೀಠದಲ್ಲಿ 25 ವರ್ಷದ ಸೆರೆಯಾಯಿತು. ಆಗ ಬೀದಿಗಿಳಿದವರು ಬಹುತೇಕ ದಲಿತರೇ. ಖೈರ್ಲಾಂಜಿಯ ಅಪರಾಧಿಗಳನ್ನು ಗಲ್ಲಿಗೇರಿಸಬೇಕಿತ್ತು ಎಂಬುದು ನನ್ನ ವಾದವಲ್ಲ. ಯಾರ ಮಗಳು ಸತ್ತಳು ಎಂಬುದನ್ನು ನೋಡಿ ನಮ್ಮ ಕರ್ತವ್ಯಪ್ರಜ್ಞೆ ಎದ್ದು ಕೂರುವುದಾದರೆ, ಅದನ್ನು ಕರ್ತವ್ಯವೆಂದು ಕರೆಯುವ ಧೈರ್ಯ ನನಗಿಲ್ಲ.

ಮೂರನೆಯದು ಮನುಷ್ಯತ್ವದ ಪ್ರಶ್ನೆ. ಕೊಲೆಗಾರನಿಗೆ ಸಾವೇ ಶಿಕ್ಷೆ ಎಂದ ಕಾಂಟ್ ಅದೇ ಉಸಿರಿನಲ್ಲಿ, ಅವನೊಳಗಿನ ಮನುಷ್ಯತ್ವವನ್ನು ಹೇಯಗೊಳಿಸುವ ಯಾವ ಹಿಂಸೆಯೂ ಆ ಸಾವಿಗೆ ಅಂಟಿರಬಾರದು ಎಂದೂ ಕಟ್ಟಪ್ಪಣೆ ಮಾಡುತ್ತಾನೆ. ಈಗ ಸರಣಿ ಕೊಲೆಗಾರ ಉಮೇಶ್ ರೆಡ್ಡಿಯನ್ನು ನೆನೆಯಿರಿ. ಕರ್ನಾಟಕದಲ್ಲಿ ಅವನ ಪರ ಕಣ್ಣೀರು ಹಾಕುವವರು ಯಾರೂ ಇಲ್ಲ, ನಾನೂ ಅಲ್ಲ. ಆದರೆ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅವನ ಗಲ್ಲನ್ನು ಕನಿಷ್ಠ 30 ವರ್ಷದ ಸೆರೆಯಾಗಿ ಇಳಿಸಿದ್ದೇಕೆ? ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವನನ್ನು ಹತ್ತು ವರ್ಷ ಏಕಾಂತ ಸೆರೆಯಲ್ಲಿ ಇಟ್ಟಿದ್ದರು. ಕ್ಷಮಾದಾನದ ದಾರಿಗಳೆಲ್ಲ ಮುಗಿಯುವ ಮೊದಲು ಕೈದಿಯನ್ನು ಹಾಗೆ ಇಡುವುದು ಕಾನೂನುಬಾಹಿರ ಎಂದು 1978ರ ಸುನಿಲ್ ಬಾತ್ರಾ ತೀರ್ಪಿನಲ್ಲೇ ಕೋರ್ಟು ಹೇಳಿತ್ತು. ಕಾಯ್ದೆ ಮುರಿದವನನ್ನು ಶಿಕ್ಷಿಸುವ ಸರಕಾರ ಶಿಕ್ಷೆಯ ಹೊತ್ತಿಗೆ ತಾನೇ ಕಾಯ್ದೆ ಮುರಿಯಿತು. ನೇಣಿನ ಕಾಯುವಿಕೆ ಇದ್ದಲ್ಲೆಲ್ಲ ಈ ಅಪಾಯ ಇದ್ದದ್ದೇ.

ಕರ್ತವ್ಯದ ಹೆಸರಿನಲ್ಲಿ ದೊರೆ ಕೊಂದ ಕಥೆ ನಮಗೆ ಯುರೋಪಿನಿಂದ ಬರಬೇಕಿಲ್ಲ. ಉಮರ್ಗಾದಿಂದ ಹೈದರಾಬಾದ್ ರಸ್ತೆ ಹಿಡಿದು, ಸಸ್ತಾಪುರ ಬಂಗ್ಲಾದಲ್ಲಿ ತಿರುಗಿಕೊಂಡರೆ ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಬಿಜ್ಜಳ ಆ ಇಬ್ಬರು ತಂದೆಯರಿಗೆ ಎಳೆಹೂಟೆಯ ಶಿಕ್ಷೆ ಕೊಟ್ಟ, ಆನೆಯ ಕಾಲಿಗೆ ಕಟ್ಟಿ ಕಲ್ಯಾಣದ ಬೀದಿಯಲ್ಲಿ ಎಳೆಸಿದ ಎಂದು ಶರಣ ಪರಂಪರೆ ಹೇಳುತ್ತದೆ. ಬಿಜ್ಜಳನಿಗೆ ದೂರು ಒಯ್ದವರು ಸೇಡು ತೀರಿಸು ಎಂದೇನೂ ಕೇಳಲಿಲ್ಲ. ವರ್ಣಾಶ್ರಮ ಕಾಯುವುದು ರಾಜಧರ್ಮ, ಅದನ್ನು ಪಾಲಿಸು ಎಂದರು. ಆಮೇಲೆ ಬಿಜ್ಜಳನ ಕೊಲೆಯಾಯಿತು. ಪರಂಪರೆ ಜಗದೇವ, ಮಲ್ಲಿಬೊಮ್ಮರ ಹೆಸರು ಹೇಳುತ್ತದೆ. ಅವರೂ ತಮ್ಮದನ್ನು ಕರ್ತವ್ಯವೆಂದೇ ತಿಳಿದಿದ್ದರು. ಶರಣರು ದಿಕ್ಕಾಪಾಲಾಗಿ ಉಳವಿಗೆ, ಎಲ್ಲೆಲ್ಲಿಗೋ ಹೋದರು.

ನಮ್ಮ ಮನೆಗಳಲ್ಲಿ ಈ ಕಥೆ ಕೇಳಿ ಬೆಳೆಯದವರಿಲ್ಲ. ಲಿಂಗಾಯತ ಮನೆಗಳಲ್ಲಿ ಅಜ್ಜಿಯರು ಹರಳಯ್ಯನ ಹೆಸರು ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಅದೇ ಮನೆಯ ಹುಡುಗರು ಮೊಬೈಲಿನಲ್ಲಿ ‘ಭರ ಚೌಕಾತ ಫಾಶಿ’, ನಡು ಚೌಕದಲ್ಲೇ ಗಲ್ಲು, ಎಂದು ಸ್ಟೇಟಸ್ ಹಾಕುತ್ತಾರೆ. ಹರಳಯ್ಯ ಏನೂ ತಪ್ಪು ಮಾಡಿರಲಿಲ್ಲ, ಇವನು ಕೊಲೆ ಮಾಡಿದ್ದಾನೆ, ಎರಡೂ ಒಂದೇ ಏನ್ರೀ ಎಂದು ಅವರು ಕೇಳುತ್ತಾರೆ. ಖಂಡಿತ ಒಂದಲ್ಲ. ಆದರೆ ಇವನು ಕೊಲೆ ಮಾಡಿದ್ದಾನೆ ಎಂದು ಬಂಧನದ ಮರುದಿನ ನಿಮಗೆ ಹೇಗೆ ಗೊತ್ತಾಯಿತು? ದೊರೆ ಹೇಳಿದ್ದರಿಂದ. ಕಲ್ಯಾಣದಲ್ಲೂ ಜನರಿಗೆ ಗೊತ್ತಾದದ್ದು ಹಾಗೆಯೇ.

ಇನ್ನು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಕ್ಕೆ ಬರುತ್ತೇನೆ. ತಪ್ಪಿನ ಸಂಶಯವೇ ಇಲ್ಲದ ಕಡೆ? 2012ರ ನವೆಂಬರ್ 21ರಂದು ಯರವಡಾದಲ್ಲಿ ಗಲ್ಲಿಗೇರಿದ, ಮುಂಬೈ ದಾಳಿಯ ಕಸಬ್‌ನನ್ನು ಬಂದೂಕಿನ ಸಮೇತ ದೇಶವೇ ಕಂಡಿತ್ತಲ್ಲ? ನನ್ನ ಉತ್ತರ: ಕಾಯ್ದೆಯನ್ನು ಕಸಬ್‌ನೊಬ್ಬನಿಗೆ ಬರೆಯಲು ಬರುವುದಿಲ್ಲ. ಹಿಂದೆ 302 ಆಗಿದ್ದು, 2024ರ ಜುಲೈಯಿಂದ ನ್ಯಾಯ ಸಂಹಿತೆಯ 103 ಆಗಿರುವ ಕೊಲೆಯ ಕಲಮು ಕಸಬ್‌ನಿಗೂ ಒಂದೇ, ಅಲೆಮಾರಿ ಅಂಕುಶ ಶಿಂದೆಗೂ ಒಂದೇ. ‘ಪೂರ್ತಿ ಖಾತ್ರಿ ಇದ್ದಾಗ ಮಾತ್ರ’ ಎಂದು ಸೇರಿಸಿದರೂ ಲಾಭವಿಲ್ಲ, 2009ರಲ್ಲಿ ಸುಪ್ರೀಂ ಕೋರ್ಟಿಗೆ ಪೂರ್ತಿ ಖಾತ್ರಿಯೇ ಇತ್ತು. ಎಲ್ಲರಿಗೂ ಅನ್ವಯಿಸಬಹುದಾದ ನಿಯಮವನ್ನೇ ಮಾಡು ಎಂಬುದು ಕರ್ತವ್ಯನೀತಿಯ ಮೊದಲ ಪಾಠ. ನಮ್ಮಂಥ ತನಿಖೆ, ನಮ್ಮಂಥ ಲೀಗಲ್ ಏಡ್ ಇರುವಲ್ಲಿ ಎಲ್ಲರಿಗೂ ಅನ್ವಯಿಸಿದರೆ ಗಲ್ಲಿನ ನಿಯಮ ನಿರ್ದೋಷಿಯನ್ನೂ ಕೊಲ್ಲುತ್ತದೆ ಎಂದು ತಿಳಿದೂ ಅದನ್ನು ಇಟ್ಟುಕೊಳ್ಳುವುದು, ಆ ನಿರ್ದೋಷಿಯನ್ನು ಉಳಿದವರ ಸಮಾಧಾನಕ್ಕೆ ಸಾಧನ ಮಾಡಿದಂತೆ.

ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ನನ್ನ ಟೇಬಲ್ಲಿನ ಎದುರು ಕೂತು ಕೇಳಿದ್ದಳು: ‘ಅಣ್ಣಾ, ನನ್ನ ಮಗನ ಜೀವಕ್ಕ ಬೆಲಿ ಇಲ್ಲೇನು?’ ಹೊಲದ ಬದುವಿನ ಜಗಳ. ಇಲ್ಲಿನ ಬಹುಪಾಲು ಕೊಲೆಗಳಂತೆ ಅದೂ ವಿರಳಾತಿವಿರಳದ ಹತ್ತಿರಕ್ಕೂ ಬರುವಂಥದಲ್ಲ. ಬೆಲೆ ಇದೆ, ಅದಕ್ಕೇ ಅವನು ಹೊರಗೆ ಬರಬಾರದು ಎಂದು ನಾವು ಹೋರಾಡುವುದು ಎಂದೆ. ಅವಳಿಗೆ ಪೂರ್ತಿ ಸಮಾಧಾನವಾಗಲಿಲ್ಲ, ಆಗಬೇಕೆಂದು ನಾನೂ ಬಯಸಲಿಲ್ಲ. ಆದರೆ ಜನ್ಮಠೇಪು ಆದ ದಿನ ಅವಳ ಪಾಲಿನ ಕೋರ್ಟು ಬಹುಮಟ್ಟಿಗೆ ಮುಗಿಯಿತು. ಗಲ್ಲಿನ ಮನೆಯವರಿಗೆ ಅದು ಮುಗಿಯುವುದೇ ಇಲ್ಲ. ಹೈಕೋರ್ಟಿನ ಖಾಯಮಾತಿ, ಸುಪ್ರೀಂ ಕೋರ್ಟು, ಮರುಪರಿಶೀಲನೆ, ರಾಜ್ಯಪಾಲರು, ರಾಷ್ಟ್ರಪತಿ, ಮತ್ತೆ ಕೋರ್ಟು. ಮಕ್ಕಳನ್ನು ಕದ್ದು ಕೊಂದ ಕೊಲ್ಹಾಪುರದ ಗಾವಿತ್ ಅಕ್ಕತಂಗಿಯರಿಗೆ 2001ರಲ್ಲಿ ಗಲ್ಲು ವಿಧಿಸಲಾಯಿತು, 2006ರಲ್ಲಿ ಖಾಯಂ ಆಯಿತು. ಕ್ಷಮಾದಾನದ ಕಡತ ಕೊಳೆತದ್ದಕ್ಕೆ 2022ರಲ್ಲಿ ಬಾಂಬೆ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. ಆ ಮಕ್ಕಳ ತಾಯಂದಿರಿಗೆ ಸರಕಾರ ಕೊಟ್ಟ ಮಾತಿಗೆ ಎರಡು ದಶಕದ ಮೇಲೆ ಏನು ಬೆಲೆ ಉಳಿಯಿತು?

ಹಾಗಾದರೆ ಶಿಕ್ಷೆಯ ಕರ್ತವ್ಯ ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಶ್ರದ್ಧಾನಂದ ಪ್ರಕರಣದಲ್ಲೇ 2008ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ದಾರಿ ತೋರಿಸಿತು: ಉಸಿರಿರುವವರೆಗೆ ಜೈಲು, ಯಾವ ರಿಯಾಯಿತಿಯೂ ಇಲ್ಲ. 2015ರಲ್ಲಿ ಸಂವಿಧಾನ ಪೀಠ ಅಂಥ ಶಿಕ್ಷೆ ಸರಿ ಎಂದಿತು. ತಪ್ಪಿತಸ್ಥ ತನ್ನ ತಪ್ಪನ್ನು ಬದುಕಿಡೀ ಹೊರುತ್ತಾನೆ. ನಾಳೆ ತಪ್ಪು ಕೋರ್ಟಿನದೇ ಎಂದು ತಿಳಿದರೆ ಬಾಗಿಲು ತೆರೆಯಲು ಅವನು ಜೀವಂತ ಇರುತ್ತಾನೆ. ಅಷ್ಟೇಕೆ, ಕಾಂಟನೇ ಒಂದು ಕಿಂಡಿ ಬಿಟ್ಟಿದ್ದಾನೆ. ಕೊಲೆಯಲ್ಲಿ ಪಾಲ್ಗೊಂಡವರ ಸಂಖ್ಯೆ ವಿಪರೀತವಾಗಿ, ಎಲ್ಲರನ್ನೂ ಕೊಂದರೆ ರಾಜ್ಯದಲ್ಲಿ ಪ್ರಜೆಗಳೇ ಉಳಿಯದಂತಾದರೆ ಗಡೀಪಾರು ಮಾಡಬಹುದು ಎಂದಿದ್ದಾನೆ. ರಾಜ್ಯದ ಉಳಿವಿಗಾಗಿ ಶಿಕ್ಷೆಯ ರೂಪ ಬದಲಾಗಬಹುದಾದರೆ, ನಿರ್ದೋಷಿಯ ಉಳಿವಿಗಾಗಿ ಏಕೆ ಬದಲಾಗಬಾರದು?

1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ ಗಲ್ಲಿನ ಮೇಲಿನ ಅಪೀಲಿನ ಚರ್ಚೆ ನಡೆದಾಗ ಅಂಬೇಡ್ಕರ್, ಮರಣದಂಡನೆಯನ್ನು ಪೂರ್ತಿ ರದ್ದು ಮಾಡುವುದೇ ಈ ದೇಶಕ್ಕೆ ತಕ್ಕದ್ದು ಎಂಬ ಅಭಿಪ್ರಾಯ ಹೇಳಿದ್ದರು. 2015ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಎ.ಪಿ. ಶಾ ನೇತೃತ್ವದ ಕಾನೂನು ಆಯೋಗ ತನ್ನ 262ನೇ ವರದಿಯಲ್ಲಿ ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಹೂಡುವುದನ್ನು ಬಿಟ್ಟು ಉಳಿದೆಲ್ಲ ಅಪರಾಧಗಳಿಗೆ ಅದನ್ನು ತೆಗೆಯಿರಿ ಎಂದಿತು. ಆ ವರದಿ ಕಪಾಟಿನಲ್ಲಿದೆ. ಅದನ್ನು ಹೊರತೆಗೆಯುವ ಒತ್ತಾಯ ದಿಲ್ಲಿಯಿಂದ ಹುಟ್ಟುವುದಿಲ್ಲ, ತಾಲೂಕಿನಿಂದ ಹುಟ್ಟಬೇಕು.

ಆದ್ದರಿಂದ ಮುಂದಿನ ಸಲ ಕರಡು ಹಿಡಿದು ಬರುವ ಹುಡುಗರಿಗೆ ನಾನು ಹೇಳುವುದು ಇದು. ಫಾಶಿಯ ಸಾಲು ತೆಗೆಯಿರಿ. ಅದರ ಜಾಗದಲ್ಲಿ ಹೀಗೆ ಬರೆಯಿರಿ: ಪಂಚನಾಮೆಯ ವಿಡಿಯೋ ಆಗಲಿ. ಮುದ್ದೆಮಾಲು ಕೆಡುವ ಮೊದಲು ಲ್ಯಾಬಿಗೆ ಮುಟ್ಟಲಿ. ಸಾಕ್ಷಿಗಳಿಗೆ ರಕ್ಷಣೆ ಕೊಡಿ, ಅವರು ಉಲ್ಟಾ ಹೊಡೆಯದಂತೆ ನೋಡಿಕೊಳ್ಳಿ. ಕನ್ನಡವಷ್ಟೇ ಬಲ್ಲ ಆರೋಪಿಗೂ, ಕನ್ನಡವಷ್ಟೇ ಬಲ್ಲ ಸತ್ತವರ ತಾಯಿಗೂ ಕೋರ್ಟಿನಲ್ಲಿ ದುಭಾಷಿ ಸಿಗಲಿ. ತಾರೀಖಿನ ಮೇಲೆ ತಾರೀಖು ಬೀಳದಿರಲಿ. ದೋಷಿ ಎಂದು ಸಾಬೀತಾದವನು ಸಾಯುವವರೆಗೆ ಒಳಗಿರಲಿ. ಮನೆಯವರಿಗೆ ಪರಿಹಾರ ಬರಲಿ. ಇವೆಲ್ಲ ಸರಕಾರದ ಕರ್ತವ್ಯಗಳು. ಒಂದೊಂದನ್ನೂ ತಾರೀಖು ಹಾಕಿ, ಸಹಿ ಮಾಡಿ, ಹೆಸರಿಟ್ಟು ಕೇಳಬಹುದು, ಮಾಡದಿದ್ದರೆ ಮತ್ತೆ ಮೋರ್ಚಾ ತರಬಹುದು. ಫಾಶಿ ಕೇಳಿದರೆ ಸರಕಾರಕ್ಕೆ ಖುಷಿ: ಭಾಷಣದಲ್ಲಿ ಒಪ್ಪಿಕೊಂಡರಾಯಿತು, ಮತ್ತೇನೂ ಮಾಡಬೇಕಾಗಿಲ್ಲ. ಇಷ್ಟನ್ನು ಕೇಳಿದರೆ ಕೆಲಸ ಮಾಡಬೇಕಾಗುತ್ತದೆ.